ಬೂದು ಬಣ್ಣದ ತಂತಿ

ಹೊಳೆಸಾಲದ ಮಠದಲ್ಲಿ ಆ ಕಾಲಕ್ಕೆ ಎರಡು ದಾಸೋಹ ನಡೆಯುತ್ತಿದ್ದವು. ಒಂದು ಅನ್ನದ್ದು, ಅದು ಅಜ್ಜ ಮುತ್ತಜ್ಜರ ಕಾಲದಿಂದ ಬಂದದ್ದು. ಇನ್ನೊಂದು ಎಣಿಕೆಯದು, ಅದಕ್ಕಿನ್ನೂ ಆರು ವರ್ಷ.

ಎಣಿಕೆಯ ದಾಸೋಹವೆಂದರೆ ಇಷ್ಟೇ. ಊರಿನ ಮನೆಮನೆಯಲ್ಲೂ ಒಂದು ಕಂಪ್ಯೂಟರ್ ಪೆಟ್ಟಿಗೆ ಇತ್ತು. ಮನೆಯವರು ಬಳಸದ ಹೊತ್ತಿನಲ್ಲಿ ಅದು ಸುಮ್ಮನೆ ಕೂರುವ ಬದಲು ಊರಿನ ಕೆಲಸ ಮಾಡಲಿ ಎಂದು ಇನ್ನೂರ ಹನ್ನೆರಡು ಮನೆಗಳ ಪೆಟ್ಟಿಗೆಗಳನ್ನು ತಂತಿಯಿಂದ ಕೂಡಿಸಿದ್ದರು. ಎಲ್ಲ ಕೂಡಿದಾಗ ಒಂದು ದೊಡ್ಡ ಯಂತ್ರ. ಮೇಲಿನ ಅಣೆಕಟ್ಟಿನ ಬಾಗಿಲು ತೆಗೆದರೆ ಹೊಳೆಯ ನೀರು ಯಾವ ಓಣಿಗೆ ಎಷ್ಟು ಗಂಟೆಗೆ ಬರುತ್ತದೆಂದು ಹೇಳುವುದು ಅದರ ಕೆಲಸ. ದೊಡ್ಡ ಊರಿನ ಯಂತ್ರಗಳು ಜಿಲ್ಲೆಯ ಮಾತು ಹೇಳುತ್ತಿದ್ದವೇ ಹೊರತು ನೇಕಾರರ ಓಣಿಯ ಮಾತು ಹೇಳುತ್ತಿರಲಿಲ್ಲ. ಓಣಿಯ ಮಗ್ಗಗಳೆಲ್ಲ ಗುಂಡಿಮಗ್ಗಗಳು. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯಬೇಕು. ನೀರು ಒಳಗೆ ಬಂದರೆ ಮೊದಲು ತುಂಬುವುದು ಆ ಗುಂಡಿಯೇ.

ಯಾವ ಮನೆ ಎಷ್ಟು ಎಣಿಕೆ ಮಾಡಬಲ್ಲದೆಂಬುದು ಆ ಮನೆಯ ಪೆಟ್ಟಿಗೆಗೆ ಉಣಿಸುವ ಪವರ್ ಸಪ್ಲೈ ಮೇಲೆ ನಿಂತಿತ್ತು. ಗೋಡೆಯಿಂದ ಬರುವ ವಿದ್ಯುತ್ತು ಹೊಳೆಯಿದ್ದಂತೆ. ಕಂಪ್ಯೂಟರಿಗೆ ಬೇಕಾದದ್ದು ಗಿಂಡಿಯಿಂದ ಎರೆದ ನೀರಿನಂತೆ. ಇನ್ನೂರ ಮೂವತ್ತು ವೋಲ್ಟನ್ನು ಒಳಗೆ ತೆಗೆದುಕೊಂಡು ಹನ್ನೆರಡು, ಐದು, ಮೂರು ಚಿಲ್ಲರೆ ಎಂದು ಅಳೆದು ಕೊಡುವ ಗಿಂಡಿಯೇ ಸಪ್ಲೈ. ಅದರ ಮೈಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ: ಇಷ್ಟು ವ್ಯಾಟ್. ಆ ಚೀಟಿಯನ್ನು ನೋಡಿಯೇ ಮಠದ ಯಂತ್ರ ಆ ಮನೆಗೆ ಅಷ್ಟು ಕೆಲಸ ಹಂಚುತ್ತಿತ್ತು.

ಪ್ರತಿ ಸೋಮವಾರ ಮಂಗಳಾರತಿಯಾದ ಮೇಲೆ ಕೊಟ್ಟವರ ಹೆಸರನ್ನೂ ವ್ಯಾಟನ್ನೂ ಓದುವ ಪದ್ಧತಿ. ಹೆಚ್ಚು ಕೊಟ್ಟವರ ಹೆಸರು ಮೊದಲು. ಮೊದಲ ಹೆಸರಿಗೆ ಗಂಟೆ ಬಾರಿಸಿ ಮಠದ ಸ್ವಾಮಿಗಳಾದ ಅಜ್ಜಾರು ಒಂದು ಹೂ ಕೊಡುತ್ತಿದ್ದರು. ಚೀಟಿಯಲ್ಲಿ ಬರೆದದ್ದು ನಿಜವೋ ಅಲ್ಲವೋ ಎಂದು ಯಾರೂ ಅಳೆಯುತ್ತಿರಲಿಲ್ಲ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ನೇಯುವವರ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮೊಳ ಹಾಕುವುದು ಕೊಟ್ಟವರಿಗೆ ಅವಮಾನ.

ಹಾಗೆ ಅಳೆಯಬಲ್ಲವರು ಊರಿನಲ್ಲಿ ಯಾರಾದರೂ ಇದ್ದರೆ ಅದು ಮುರಿಗೆಪ್ಪ ಮಾಸ್ತರರು. ಐಟಿಐಯಲ್ಲಿ ಮೂವತ್ತೊಂದು ವರ್ಷ ವಿದ್ಯುತ್ತಿನ ಪಾಠ ಹೇಳಿದವರು. ಊರಿನ ಅರ್ಧದಷ್ಟು ವೈರಮನ್ನರು ಅವರ ಕೈಯಲ್ಲಿ ಕಲಿತವರು. ಹೊಸ ಹುಡುಗರಿಗೆ ಅವರು ಮೊದಲ ದಿನ ಹೇಳುತ್ತಿದ್ದ ಮಾತು ಒಂದೇ: "ಚೀಟಿ ಓದಬ್ಯಾಡ್ರೋ. ಬಲ್ಬು ಹಚ್ಚಿ ನೋಡ್ರಿ. ಭಾರ ಹೊರಿಸದ ಬಲದ ಮಾತ ಆಡಬ್ಯಾಡ್ರಿ."

ಹೋದ ವರ್ಷದ ಆಷಾಢದಲ್ಲಿ ಅವರ ಹೆಂಡತಿ ನೀಲಗಂಗವ್ವ ಲಿಂಗೈಕ್ಯರಾದರು. ನಲವತ್ತಾರು ವರ್ಷದ ಸಂಸಾರ. ಆಕೆ ಯಾವುದರಲ್ಲಿಯೂ ಒಮ್ಮೆಯೂ ಮೊದಲಿಗಳಾಗಿರಲಿಲ್ಲ. ಉಂಡದ್ದು ಎಲ್ಲರ ಕೊನೆಗೆ, ಮಠದಲ್ಲಿ ಕೂತದ್ದು ಕಂಬದ ಹಿಂದೆ, ಫೋಟೋದಲ್ಲಿ ನಿಂತದ್ದು ಯಾರದೋ ಹೆಗಲಿನ ಮರೆಗೆ. ವರ್ಷದ ಪೂಜೆ ಮುಗಿದ ದಿನ ಆ ಫೋಟೋಗಳನ್ನು ನೋಡುತ್ತ ಕೂತಾಗ ಮಾಸ್ತರರಿಗೆ ಒಂದು ಆಸೆ ಹುಟ್ಟಿತು. ಒಂದು ಸೋಮವಾರವಾದರೂ ಆಕೆಯ ಹೆಸರನ್ನು ಮೊದಲು ಓದಬೇಕು. ಆಕೆಯ ಹೆಸರಿಗೆ ಗಂಟೆ ಬಾರಿಸಬೇಕು.

ಊರಿನ ದೊಡ್ಡ ಮನೆಯವರು ನಾನೂರ ಐವತ್ತು ವ್ಯಾಟ್ ಕೊಡುತ್ತಿದ್ದರು. ಮಾಸ್ತರರು ಪೇಟೆಯಿಂದ ಆರುನೂರರ ಸಪ್ಲೈ ಒಂದನ್ನು ತರಿಸಿದರು. ಪೊಟ್ಟಣ ಬಿಚ್ಚಿ ಕೈಗೆ ಎತ್ತಿಕೊಂಡ ಕ್ಷಣಕ್ಕೇ ಅವರಿಗೆ ತಿಳಿಯಿತು. ಅದು ಬಹಳ ಹಗುರವಾಗಿತ್ತು. ಒಳ್ಳೆಯ ಸಪ್ಲೈಯಲ್ಲಿ ತಾಮ್ರವಿರುತ್ತದೆ, ಬಿಸಿ ಹೀರುವ ದಪ್ಪ ಅಲ್ಯೂಮಿನಿಯಂ ಇರುತ್ತದೆ. ಅಕ್ಕಿಯ ಗಂಟಿನಂತೆ ಕೈ ಜಗ್ಗುತ್ತದೆ. ಇದು ಚುರುಮುರಿಯ ಗಂಟಿನಂತಿತ್ತು. ಮುಚ್ಚಳ ತೆಗೆದು ನೋಡಿದರು. ಇನ್ನೂರ ನಲವತ್ತು ದಾಟದು ಎಂದು ಕಣ್ಣಳತೆಯಲ್ಲೇ ಗೊತ್ತಾಯಿತು.

ತಿರುಗಿ ಕಳಿಸಬಹುದಿತ್ತು. ಕಳಿಸಲಿಲ್ಲ. ಮರುದಿನವೇ ಸೋಮವಾರವಿತ್ತು.

ಆದರೆ ಅದನ್ನು ಜೋಡಿಸಿದರೆ ಪೆಟ್ಟಿಗೆ ಶುರುವಾಗಲೊಲ್ಲದು. ಪ್ರತಿಯೊಂದು ಸಪ್ಲೈಯಿಂದಲೂ ಒಂದು ಬೂದು ಬಣ್ಣದ ತಂತಿ ಹೊರಡುತ್ತದೆ. ಅದು ಬಲ ಒಯ್ಯುವ ತಂತಿಯಲ್ಲ, ಮಾತು ಒಯ್ಯುವ ತಂತಿ. ಸಪ್ಲೈ ತನ್ನ ವೋಲ್ಟನ್ನು ತಾನೇ ನೋಡಿಕೊಂಡು, ಎಲ್ಲ ಅಳತೆಯಲ್ಲಿದ್ದರೆ ಆ ತಂತಿಯಲ್ಲಿ 'ಸರಿ' ಎಂದು ಹೇಳುತ್ತದೆ; ಪೆಟ್ಟಿಗೆಯ ಮುಂದೆ ಹಸಿರು ದೀಪ ಹತ್ತುತ್ತದೆ. ಅಳತೆ ತಪ್ಪಿದರೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಪೆಟ್ಟಿಗೆ ಕೆಲಸ ಬಿಡುತ್ತದೆ. ಮಾಸ್ತರರ ಸಪ್ಲೈ ಭಾರ ಬಿದ್ದ ಕೂಡಲೇ 'ಇಲ್ಲ' ಎನ್ನುತ್ತಿತ್ತು. ಅವರು ಎರಡು ಸಲ ನೋಡಿದರು. ಮೂರನೆಯ ಸಲ ಬೂದು ತಂತಿಯನ್ನು ಕತ್ತರಿಸಿ, ಅದರ ತುದಿಯನ್ನು ಐದು ವೋಲ್ಟಿನ ಕೆಂಪು ತಂತಿಗೆ ಬೆಸೆದರು. ಈಗ ಸಪ್ಲೈಗೆ ಮಾತಿನ ಹಕ್ಕು ಹೋಯಿತು. ಒಳಗೆ ಏನಾದರೂ ಆಗಲಿ, ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಐಟಿಐಯಲ್ಲಿ ಹೀಗೆ ಮಾಡಿದ ಒಬ್ಬನನ್ನು ಅವರು ಎರಡು ವಾರ ತರಗತಿಯ ಹೊರಗೆ ನಿಲ್ಲಿಸಿದ್ದರು.

"ಲಿಂಗೈಕ್ಯ ನೀಲಗಂಗವ್ವನವರ ಹೆಸರಿನ ಮ್ಯಾಲೆ, ಆರುನೂರು ವ್ಯಾಟ್." ಗಂಟೆ ಬಾರಿಸಿತು. ಮಾಸ್ತರರು ಕಣ್ಣು ಒರೆಸಿಕೊಂಡರು. ಐದು ಸೋಮವಾರ ಹಾಗೆ ಬಾರಿಸಿತು. ಹೊಳೆ ಸುಮ್ಮನಿದ್ದ ದಿನಗಳಲ್ಲಿ ಯಂತ್ರಕ್ಕೆ ಹೆಚ್ಚು ಕೆಲಸವಿರಲಿಲ್ಲ; ಯಾರ ಮೇಲೂ ಪೂರ್ತಿ ಭಾರ ಬೀಳುತ್ತಿರಲಿಲ್ಲ.

ಶ್ರಾವಣದ ಒಂದು ಗುರುವಾರ ಬೆಳಗಿನ ಏಳಕ್ಕೆ ಮೇಲಿನ ಅಣೆಕಟ್ಟಿನ ಬಾಗಿಲುಗಳು ತೆರೆದವು.

ಮಠದ ಯಂತ್ರ ಎಲ್ಲ ಮನೆಗಳಿಂದಲೂ ಪೂರ್ತಿ ಬಲ ಕೇಳಿತು. ಮಾಸ್ತರರ ಪೆಟ್ಟಿಗೆಯ ಫ್ಯಾನು ಕೀರಲು ದನಿ ತೆಗೆಯಿತು. ಸ್ವಲ್ಪ ಹೊತ್ತಿಗೆ ಬಿಸಿಯಾದ ಅರಗಿನ ವಾಸನೆ. ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟರು, ತಡೆಯಲಾಗದಷ್ಟು ಸುಡುತ್ತಿತ್ತು. ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಪ್ಲಗ್ಗು ಕಿತ್ತರೆ ಮುಗಿಯುತ್ತಿತ್ತು. ಕಿತ್ತರೆ ಮಠದಲ್ಲಿ ಗೊತ್ತಾಗುತ್ತದೆ. 'ಎರಡು ತಾಸಿನ ಮಾತು' ಎಂದುಕೊಂಡು ಅವರು ಟೇಬಲ್ ಫ್ಯಾನನ್ನು ಅದರ ಮುಂದಿಟ್ಟು ಪೂಜೆಗೆ ಕೂತರು.

ಎಂಟು ಗಂಟೆಗೆ ಮಠದ ಮೈಕು ಕೂಗಿತು: ನೇಕಾರರ ಓಣಿಗೆ ನೀರು ಬರುವುದು ಸಂಜೆ ನಾಲ್ಕಕ್ಕೆ.

ಮಗ್ಗದ ಮೇಲಿನ ಹಾಸನ್ನು, ಉದ್ದಕ್ಕೆ ಬಿಗಿದ ನೂಲನ್ನು, ಸುತ್ತಿ ಎತ್ತಿಡಲು ಮೂರು ತಾಸು ಬೇಕು. ನಾಲ್ಕು ಗಂಟೆಯವರೆಗೆ ಹೊತ್ತಿದೆ, ಉಂಡು ಶುರುಮಾಡೋಣ ಎಂದುಕೊಂಡು ಓಣಿಯವರು ನೇಯುತ್ತಲೇ ಇದ್ದರು. ನೀರು ಬಂದದ್ದು ಹನ್ನೊಂದಕ್ಕೆ. ಮಂದಿ ಮಕ್ಕಳನ್ನು ಎತ್ತಿಕೊಂಡು ಏರಿಗೆ ಓಡಿದರು. ಜೀವಕ್ಕೆ ಏನೂ ಆಗಲಿಲ್ಲ. ಹತ್ತೊಂಬತ್ತು ಮಗ್ಗಗಳ ಹಾಸು, ಅರ್ಧ ನೇಯ್ದ ರೇಷ್ಮೆಯ ಸೀರೆಗಳ ಸಮೇತ, ಕೆಸರು ನೀರಿನಲ್ಲಿ ಮುಳುಗಿದವು.

ಶನಿವಾರ ಮಠದಲ್ಲಿ ಮಂದಿ ಕೂಡಿದರು. ಯಂತ್ರದ ಕೋಣೆಯನ್ನು ನೋಡಿಕೊಳ್ಳುತ್ತಿದ್ದವಳು ಮಮ್ತಾಜ್ ನದಾಫ. ಮಾಸ್ತರರ ಹಳೆಯ ವಿದ್ಯಾರ್ಥಿನಿ. ಆಕೆ ಇದ್ದದ್ದನ್ನು ಇದ್ದ ಹಾಗೆ ಓದಿದಳು: ಗುರುವಾರ ಏಳೂ ಐವತ್ತೆರಡಕ್ಕೆ ಒಂದೇ ಒಂದು ಪೆಟ್ಟಿಗೆ 'ಇಲ್ಲ' ಎಂದು ಕೆಲಸ ಬಿಟ್ಟಿದೆ. ಮಾಸ್ತರರ ಮನೆಯ ವಿದ್ಯುತ್ ಲೈನಿನಲ್ಲೇ ಇರುವ, ನೇಕಾರರ ಓಣಿಯ ಮೊದಲ ಮನೆ. ತುಳಸವ್ವ ಹಣಗಿ. ಅರವತ್ತು ವ್ಯಾಟ್.

ತುಳಸವ್ವ ಐವತ್ತು ದಾಟಿದ, ಒಬ್ಬಳೇ ಇದ್ದು ಮಗ್ಗ ನಡೆಸುತ್ತಿದ್ದ ಹೆಂಗಸು. ಪಟ್ಟಿಯಲ್ಲಿ ಆಕೆಯ ಹೆಸರು ಯಾವಾಗಲೂ ಕೊನೆಗೆ ಬರುತ್ತಿತ್ತು.

"ನಡುವ ಕೈ ಕೊಟ್ಟಿತು ನೋಡು ಡಬ್ಬಿ. ಎಣಿಕಿ ತಪ್ಪದ ಏನಾದೀತು?" ಎಂದರು ಒಬ್ಬರು.

"ಅರವತ್ತು ವ್ಯಾಟಿನ ಡಬ್ಬಿ ಇಟಗೊಂಡು ಧರ್ಮ ಮಾಡಾಕ ಬಂದ್ರ ಹಿಂಗ ಆಗ್ತೈತಿ" ಎಂದರು ಇನ್ನೊಬ್ಬರು.

"ನಂದೂ ಹಾಸು ಹೋಗೇತಲ್ಲೋ ಯಪ್ಪಾ" ಎಂದಳು ತುಳಸವ್ವ. ಆಕೆಯ ದನಿ ಬಹಳ ಮೆಲ್ಲಗಿತ್ತು. "ನನ್ನ ಮಗ್ಗದ ಗುಂಡ್ಯಾಗ ಇನ್ನಾ ನೀರ ಐತಿ."

ಆಕೆಯ ತಂತಿಯನ್ನು ಕತ್ತರಿಸಬೇಕು, ಪಟ್ಟಿಯಿಂದ ಹೆಸರು ತೆಗೆಯಬೇಕು ಎಂದು ತೀರ್ಮಾನವಾಯಿತು. ಮಾಸ್ತರರು ಮೊದಲ ಸಾಲಿನಲ್ಲಿ ಕೂತಿದ್ದರು. ಒಬ್ಬರು ಅವರ ಕಡೆ ತಿರುಗಿ "ಮಾಸ್ತರ್ರ, ನೀವು ಬಲ್ಲವರು, ಏನಂತೀರಿ?" ಎಂದು ಕೇಳಿದರು. ಮಾಸ್ತರರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. ಸುಮ್ಮನಿದ್ದದ್ದನ್ನೇ ಮಂದಿ ಹೂಂ ಎಂದು ತಿಳಿದರು.

ಸಭೆ ಮುಗಿದ ಮೇಲೆ ಅವರು ಕೆಳಗಿನ ಯಂತ್ರದ ಕೋಣೆಗೆ ಹೋದರು. ಗೋಡೆಯ ಮೇಲೆ ಇನ್ನೂರ ಹನ್ನೆರಡು ಸಣ್ಣ ದೀಪಗಳು. ಒಂದು ಆರಿತ್ತು.

"ತುಳಸವ್ವನ ಪಾಲಿನ ಕೆಲಸ ಆಮ್ಯಾಲ ಯಾರಿಗೆ ಹೋತವ್ವಾ?"

"ಎಲ್ಲಾರಿಗಿಂತ ದೊಡ್ಡವರಿಗೆ ಹೋಗ್ತೈತ್ರಿ ಸರ್ರ. ನಿಮಗ ಬಂತು." ಮಮ್ತಾಜ್ ಅಂದಿನ ಹಾಳೆಯನ್ನು ತೋರಿಸಿದಳು. "ನೇಕಾರರ ಓಣಿ ಎಣಿಕಿ ಎಲ್ಲಾ ನಿಮ್ಮ ಪೆಟ್ಟಿಗ್ಯಾಗ ಆಗೇತಿ. ಮತ್ತ ತಪ್ಪು ಹ್ಯಾಂಗ ಬಂತೋ ನನಗ ತಿಳೀವಲ್ದು. ನಿಮ್ಮದು ಒಮ್ಮಿನೂ 'ಇಲ್ಲ' ಅಂದಿಲ್ಲ ನೋಡ್ರಿ. ಒಂದ ಎಣಿಕಿ ಇಬ್ಬರ ಕಡೆ ಮಾಡಿಸಿ ತಾಳಿ ನೋಡೂವಷ್ಟು ಬಲ ನಮಗೆಲ್ಲೈತಿ. ನಂಬಿಕಿ ಮ್ಯಾಲ ನಡದೈತಿ."

ಆಕೆಗೆ ತಿಳಿಯದ್ದು ಮಾಸ್ತರರಿಗೆ ನಿಂತಲ್ಲೇ ತಿಳಿಯಿತು. ಶಕ್ತಿ ಮೀರಿ ಎಳೆದ ಅವರ ಸಪ್ಲೈ ಇಡೀ ಲೈನಿನ ವೋಲ್ಟನ್ನು ಕೆಳಗೆ ಜಗ್ಗಿತ್ತು. ಅದೇ ಲೈನಿನ ತುದಿಯಲ್ಲಿದ್ದ ತುಳಸವ್ವನ ಪೆಟ್ಟಿಗೆ ಅದನ್ನು ಕಂಡು, ಹೇಳಬೇಕಾದ್ದನ್ನು ಹೇಳಿ ಪಕ್ಕಕ್ಕೆ ಸರಿದಿತ್ತು. ಆ ಕೆಲಸವೂ ಬಂದು ಬಿದ್ದದ್ದು, ಹನ್ನೆರಡು ವೋಲ್ಟಿನ ಕಡೆ ಒಂಬತ್ತು ಕೊಡುತ್ತ, ಒಂದಕ್ಕೆ ಇನ್ನೊಂದು ಎಣಿಸುತ್ತ, ಹಸಿರು ದೀಪ ಹಚ್ಚಿಕೊಂಡು ಕೂತ ಪೆಟ್ಟಿಗೆಗೆ. ನಿಜ ಹೇಳಿದ್ದು ದಾಖಲೆಯಾಯಿತು. ಸುಳ್ಳಿಗೆ ದಾಖಲೆಯೇ ಇರಲಿಲ್ಲ.

ಮಾಸ್ತರರು ಬಾಯಿ ತೆರೆದರು. "ಕೆಳಗ ಬಹಳ ಸೆಕಿ ಐತವ್ವಾ" ಎಂದು ಹೇಳಿ ಮೇಲೆ ಬಂದರು.

ಮರುದಿನ ಮಧ್ಯಾಹ್ನ ತುಳಸವ್ವ ತನ್ನ ಸಪ್ಲೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವರ ಮನೆಗೇ ಬಂದಳು.

"ಮಾಸ್ತರ್ರ, ಏನ ಕೆಟ್ಟೈತಿ ಬಿಚ್ಚಿ ನೋಡ್ರಿ. ಓಣ್ಯಾಗ ಯಾರೂ ನನ್ನ ಕೂಡ ಮಾತಾಡವಲ್ರು. ನೂಲು ಕೊಡಾವರು ನನ್ನ ಬಾಗಲಾ ದಾಟಿ ಹೋದರು. ನೀವು ಒಂದ ಮಾತು ಹೇಳಿದ್ರ ಮಂದಿ ನಂಬ್ತಾರ."

ಮಾಸ್ತರರು ಬಿಚ್ಚಿದರು. ಹದಿನಾಲ್ಕು ವರ್ಷದ ಹಳೆಯ ಸಪ್ಲೈ. ಒಳಗೆ ಧೂಳಿನ ಒಂದು ಕಣ ಇರಲಿಲ್ಲ.

"ಹಾಸಿನ ನೂಲಿಗೆ ಗಂಜಿ ಬಳಿಯೂ ಕುಂಚ ಇರ್ತೈತಲ್ರಿ, ಹೊಸಾದ ಒಂದ ತಗದಿಟ್ಟೀನಿ ಇದಕ್ಕಂತ. ವಾರಾ ವಾರಾ ಜಾಡಸ್ತೀನಿ" ಎಂದಳು ಆಕೆ.

ಅವರು ಮೀಟರು ಹಿಡಿದರು. ಹನ್ನೆರಡರ ಕಡೆ ಹನ್ನೆರಡು. ಐದರ ಕಡೆ ಐದು. ಬೂದು ತಂತಿ ತನ್ನ ಜಾಗದಲ್ಲಿ, ಯಾರೂ ಮುಟ್ಟದೆ. ತಮ್ಮ ಪಾಠದಲ್ಲಿ ತೋರಿಸಲು ತಕ್ಕ ಸಪ್ಲೈ. ಅದು ಅವರ ಕೈಯಲ್ಲಿ ಭಾರವಾಗಿತ್ತು.

"ಏನೈತ್ರಿ?"

"ವಯಸ್ಸಾಗೇತವ್ವಾ ಇದಕ್ಕ" ಎಂದರು ಮಾಸ್ತರರು. ಆ ಮಾತು ತಮ್ಮ ಬಾಯಿಂದಲೇ ಬಂತೆಂಬುದು ಅವರಿಗೆ ಒಂದು ಗಳಿಗೆ ನಂಬಿಕೆಯಾಗಲಿಲ್ಲ.

ತುಳಸವ್ವ ತಲೆಯಾಡಿಸಿದಳು. "ಹಂಗಾರ ನಂದ ತಪ್ಪ ಬಿಡ್ರಿ. ನೀವ ಹೇಳಿದ ಮ್ಯಾಲ ಆತು. ನಿಮ್ಮ ಮನಿ ಅವ್ವಾರು ಇದ್ದಾಗ ಸೀರಿ ನೋಡಾಕ ಬಂದಾಗೊಮ್ಮೆ ಅಂತಿದ್ರು, ನಮ್ಮವರು ಮುಟ್ಟಿದ ತಂತಿ ಸುಳ್ಳು ಹೇಳಂಗಿಲ್ಲ ಅಂತ." ಸಪ್ಲೈಯನ್ನು ಅಲ್ಲೇ ಬಿಟ್ಟು, ಇನ್ನು ಅದಕ್ಕೇನು ಕೆಲಸ ಎಂಬಂತೆ ಬರಿಗೈಯಲ್ಲಿ ಹೊರಟುಹೋದಳು.

ಸೋಮವಾರ ಬೆಳಿಗ್ಗೆ ಮಾಸ್ತರರು ಸ್ನಾನ ಮಾಡಿ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತರು. ಎಂಟನೆಯ ವಯಸ್ಸಿನಿಂದ ಒಂದು ದಿನ ತಪ್ಪಿರಲಿಲ್ಲ. ಅಂದು ದೃಷ್ಟಿ ನಿಲ್ಲಲಿಲ್ಲ. ಲಿಂಗದ ಕಡೆ ನೋಡಲು ನಾಚಿಕೆಯಾಗುತ್ತಿತ್ತು, ಕಣ್ಣೆತ್ತಿದರೆ ಗೋಡೆಯ ಮೇಲೆ ಹೆಂಡತಿಯ ಫೋಟೋ. ಆಕೆಗೆ ಹೂ ಕೊಡಿಸಬೇಕೆಂದು ಹೋಗಿ ಆಕೆಯ ಹೆಸರಿನಿಂದ ಒಂದು ಓಣಿಯನ್ನು ಮುಳುಗಿಸಿದ್ದರು. ಆಕೆಯಂಥ ಇನ್ನೊಬ್ಬಳನ್ನು, ಕೊನೆಯಲ್ಲಿ ಕೂಡ್ರುವವಳನ್ನು, ಪಟ್ಟಿಯಿಂದಲೇ ಹೊರಗೆ ಹಾಕಿಸಿದ್ದರು.

ಪೂಜೆಯನ್ನು ಅರ್ಧಕ್ಕೆ ಮುಗಿಸಿ ಎದ್ದರು. ಅಟ್ಟದ ಮೇಲಿಂದ ಐಟಿಐ ಕಾಲದ ಹಲಗೆಯನ್ನು ಇಳಿಸಿದರು. ಅದರ ಮೇಲೆ ಲಾರಿಯ ಮುಂದಿನ ದೀಪಕ್ಕೆ ಹಾಕುವ ಹನ್ನೆರಡು ಬಲ್ಬುಗಳು, ಒಂದೊಂದೂ ಐವತ್ತು ವ್ಯಾಟಿನದು. ಒಂದೊಂದಕ್ಕೂ ಒಂದು ಸ್ವಿಚ್ಚು. ಮೂಲೆಯಲ್ಲಿ ಬೂದು ತಂತಿಗೆ ಜೋಡಿಸುವ ಒಂದು ಹಸಿರು ದೀಪ. ಎರಡೂ ಸಪ್ಲೈಗಳನ್ನು ಚೀಲಕ್ಕೆ ಹಾಕಿ, ಹಲಗೆಯನ್ನು ಕಂಕುಳಲ್ಲಿ ಇರಿಸಿಕೊಂಡು ಮಠಕ್ಕೆ ನಡೆದರು.

ಮಂಗಳಾರತಿ ಆಗಿತ್ತು. ಪಟ್ಟಿ ಓದಲು ಮಮ್ತಾಜ್ ಎದ್ದು ನಿಂತಿದ್ದಳು.

"ಓದಬ್ಯಾಡವ್ವಾ, ಸ್ವಲ್ಪ ತಡಿ" ಎಂದು ಮಾಸ್ತರರು ಹಲಗೆಯನ್ನು ನಡುವೆ ಇಟ್ಟರು. ಅಜ್ಜಾರಿಗೆ ಕೈಮುಗಿದರು. "ನಾನೊಂದು ಪಾಠ ಮಾಡಿ ತೋರಸೋದೈತ್ರಿ."

ಮೊದಲು ತುಳಸವ್ವನ ಸಪ್ಲೈ. ಒಂದು ಬಲ್ಬು ಹಾಕಿದರು. ಹಾಲಿನಂತೆ ಬೆಳಗಿತು, ಹಲಗೆಯ ಹಸಿರು ದೀಪ ಹತ್ತಿತು. ಎರಡನೆಯ ಬಲ್ಬು ಹಾಕಿದರು. ಹಸಿರು ದೀಪ ಆರಿತು, ಬಲ್ಬುಗಳೂ ಆರಿದವು. "ಇದು ತನ್ನ ಅಳತಿ ಮೀರಿದ ಕೂಡ್ಲೆ ನನ್ನಿಂದ ಆಗೂದಿಲ್ಲ ಅಂತು. ಗುರುವಾರನೂ ಇದನ್ನ ಅಂದಿತ್ತು. ಇದಕ್ಕ ತಪ್ಪು ಅನ್ನೂದಿಲ್ಲ. ಇದರಾಗ ಏನೂ ಕೆಟ್ಟಿಲ್ಲ."

ಆಮೇಲೆ ತಮ್ಮದು. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಬೆಳಕು ಹಳದಿಯಾಯಿತು. ಏಳಕ್ಕೆ ಕೆಂಪಾಯಿತು. ಒಂಬತ್ತಕ್ಕೆ ಬಲ್ಬುಗಳೆಲ್ಲ ಬೂದಿಯೊಳಗಿನ ಕೆಂಡದಂತೆ ಕಂಡವು. ಮಠದ ಒಳಗೆ ಅರಗಿನ ವಾಸನೆ ಹರಡಿತು. ಹಸಿರು ದೀಪ ಮಾತ್ರ ಮೊದಲಿನಂತೆಯೇ ಹಸಿರಾಗಿ ಉರಿಯುತ್ತಿತ್ತು.

ಮಾಸ್ತರರು ಮುಚ್ಚಳ ತೆಗೆದು ಬೂದು ತಂತಿಯ ಬೆಸುಗೆಯನ್ನು ಬೆರಳಿನಿಂದ ತೋರಿಸಿದರು.

"ಇದನ್ನ ಬೆಸದ ಕೈ ಇದು. ಇದು ಆರುನೂರು ಅಲ್ಲ, ಇನ್ನೂರ ನಲವತ್ತು. ತಿಳದ ಮಾಡೀನಿ. ನಿಮ್ಮ ಹತ್ತೊಂಬತ್ತು ಹಾಸು ಮುಳುಗಿಸಿದಾವ ನಾನು."

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಅವರಿಗೆ ಹಗುರಾಗುತ್ತಿತ್ತೋ ಏನೋ. ನೇಕಾರರ ಓಣಿಯ ಒಬ್ಬ ಮುದುಕ ಎದ್ದು, ಮಾಸ್ತರರ ಕಡೆ ನೋಡದೆ, ಟೊಪ್ಪಿಗೆ ಹಾಕಿಕೊಂಡು ಹೊರಗೆ ಹೋದ. ಅವನ ಹಿಂದೆ ಓಣಿಯ ಗಂಡಸರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು.

"ಪಟ್ಟಿ ಓದಿದವರು ನಾವು" ಎಂದರು ಅಜ್ಜಾರು. "ಅಳೀಲಾರದ ಓದಿದ್ವಿ. ಗಂಟೀನೂ ನಾವ ಬಾರಿಸಿದ್ವಿ. ಇನ್ನ ಮ್ಯಾಲ ಎಲ್ಲಾವನೂ ಈ ಹಲಗಿ ಮ್ಯಾಲ ಇಟ್ಟು ನೋಡೂಣು. ಗಂಟಿ ಬ್ಯಾಡ."

"ನನ್ನ ಹೆಂಡತಿ ಹೆಸರು ಪಟ್ಟ್ಯಾಗಿಂದ ತಗದಬಿಡ್ರಿ" ಎಂದರು ಮಾಸ್ತರರು.

ಕಂಬದ ಹಿಂದಿನಿಂದ ತುಳಸವ್ವನ ದನಿ ಬಂತು. "ಅವ್ವಾರ ಹೆಸರು ಯಾಕ ತಗೀತೀರಿ? ಅವರೇನ ಮಾಡ್ಯಾರ? ಅವರ ಹೆಸರು ಇರಲಿ. ಇನ್ನೂರ ನಲವತ್ತು ಅಂತ ಬರೀರಿ."

ಆಕೆ ಮುಂದೆ ಬಂದು ಹಲಗೆಯ ಮೇಲಿದ್ದ ತನ್ನ ಸಪ್ಲೈಯನ್ನು ಎತ್ತಿಕೊಂಡಳು. ಸೆರಗಿನಲ್ಲಿ ಸುತ್ತಿಕೊಂಡ ಮೇಲೆ ಮಾಸ್ತರರ ಮುಖವನ್ನು ನೋಡಿ ಕೇಳಿದಳು.

"ನಿನ್ನಿ ಮಧ್ಯಾಹ್ನ ನನ್ನ ಮುಂದ ಇದನ್ನ ಬಿಚ್ಚಿದಾಗ ನಿಮಗ ಎಲ್ಲಾ ಗೊತ್ತಿತ್ತೇನ್ರಿ?"

ಹನ್ನೆರಡು ಬಲ್ಬಿನ ಪಾಠ ಸುಲಭವಾಗಿತ್ತು. ಅದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಇದಕ್ಕೆ ಪಾಠವಿರಲಿಲ್ಲ.

"ಗೊತ್ತಿತ್ತವ್ವಾ."

"ಆತು. ಅಷ್ಟ ಕೇಳೋದಿತ್ತು." ಎರಡು ಹೆಜ್ಜೆ ಹೋಗಿ ಆಕೆ ತಿರುಗಿ ನಿಂತಳು. "ಕೆಸರಿನ ಹಾಸು ಎಳಿ ಎಳಿ ಬಿಡಿಸಿ ತೊಳೀಬೇಕು. ಕೈ ಸಾಲವಲ್ವು. ಕೈ ಖಾಲಿ ಇದ್ರ ನಾಳಿಂದ ಬರ್ರಿ."

ಮಾಸ್ತರರು ಹೋದರು. ಓಣಿಯಲ್ಲಿ ಯಾರೂ ಅವರಿಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ತುಳಸವ್ವ ಒಂದು ಮಣೆ ಹಾಕಿಕೊಟ್ಟಳು. ಬೆಳಗಿನಿಂದ ಸಂಜೆಯವರೆಗೆ ಅಂಟಿಕೊಂಡ ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಬಿಡಿಸುವುದು, ತುಂಡಾದುದನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುವುದು. ಮನೆಯಲ್ಲಿ ಅವರ ಪೆಟ್ಟಿಗೆಯ ಬೂದು ತಂತಿ ಈಗ ತನ್ನ ಜಾಗಕ್ಕೆ ಹೋಗಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಲೈನಿನ ವೋಲ್ಟು ಇಳಿಯಿತು. ಅಂಗಿಯ ಜೇಬಿನಲ್ಲಿ ಫೋನು ಬಡಿಯಿತು. ಕೈಯಲ್ಲಿ ಎಳೆಯಿದ್ದುದರಿಂದ ಮಾಸ್ತರರು ಅದನ್ನು ಮಣೆಯ ಪಕ್ಕಕ್ಕಿಟ್ಟು ಸ್ಪೀಕರ್ ಒತ್ತಿದರು. ಮಮ್ತಾಜಳ ದನಿ ಮಗ್ಗದ ಮನೆಯಲ್ಲಿದ್ದವರಿಗೆಲ್ಲ ಕೇಳಿಸಿತು.

"ಸರ್ರ, ನಿಮ್ಮ ಪೆಟ್ಟಿಗಿ 'ಇಲ್ಲ' ಅನ್ನಾಕತ್ತೈತ್ರಿ."

ಜೊತೆಗೆ ಎಳೆ ಬಿಡಿಸುತ್ತಿದ್ದವರ ಕೈ ನಿಂತಿತು. ನಾಲ್ಕು ಜನ ಕತ್ತೆತ್ತಿದರು. ಎಪ್ಪತ್ತೆರಡು ವರ್ಷದಲ್ಲಿ ಮಂದಿಯ ಮುಂದೆ ಆ ಮಾತನ್ನು ಮಾಸ್ತರರು ಒಮ್ಮೆಯೂ ಆಡಿರಲಿಲ್ಲ.

"ಹೌದವ್ವಾ" ಎಂದರು. "ನನ್ನಿಂದ ಆಗವಲ್ದು. ಬ್ಯಾರೇದವರಿಗೆ ಕೊಡು."

ತುಳಸವ್ವ ತಲೆಯೆತ್ತಲಿಲ್ಲ. "ಎಳಿ ತುಂಡಾತು ನೋಡ್ರಿ" ಎಂದಳು. "ಲಕ್ಷ್ಯ ಇಲ್ಲಿರಲಿ."

ಮಾಸ್ತರರು ಬಗ್ಗಿ ತುಂಡಾದ ಎಳೆಯ ಎರಡು ತುದಿಗಳನ್ನು ಹುಡುಕತೊಡಗಿದರು.